ಗ್ಯಾಲರಿ ಗೋಡೆ ಮೇಲಿನ ಫೋಟೋ ಬೇರೆ ಯಾಕೆ? ನೋಡೋದು, ತೆಗೆಯೋದು, ಆರಿಸೋದು: ದಾವಣಗೆರೆಯಿಂದ ಒಂದು ಪೂರ್ತಿ ಗೈಡ್

ಬೆಂಗಳೂರಿಗೆ ಹೋದಾಗ ಕಸ್ತೂರ್ಬಾ ರೋಡಿನ ಮ್ಯಾಪ್ ಅನ್ನೋ ಮ್ಯೂಸಿಯಂ ಆಫ್ ಆರ್ಟ್ ಅಂಡ್ ಫೋಟೋಗ್ರಫಿಗೋ, ಅರಮನೆ ರಸ್ತೆಯ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿ ಅಂದ್ರೆ ಎನ್‌ಜಿಎಂಎಗೋ, ಚಿತ್ರಕಲಾ ಪರಿಷತ್ತಿಗೋ ಹೋಗಿ ಫೋಟೋ ಪ್ರದರ್ಶನ ನೋಡಿ ಬಂದವರು ಬಹಳ ಜನ ಕೇಳೋದು ಒಂದೇ ಪ್ರಶ್ನೆ, "ಅಲ್ರೀ, ಒಂದು ಖಾಲಿ ರೋಡು, ಒಂದು ಹಳೇ ಕುರ್ಚಿ, ಇಂಥವು ನನ್ನ ಮೊಬೈಲಲ್ಲೂ ಬೇಕಾದಷ್ಟು ಅದಾವೆ, ಅದಕ್ಕೆ ಫ್ರೇಮ್ ಹಾಕಿ ಗೋಡೆಗೆ ಯಾಕೆ ತೂಗುಹಾಕ್ಯಾರೆ?" ನ್ಯಾಯವಾದ ಪ್ರಶ್ನೆ. ಇದಕ್ಕೆ ಸರಿಯಾಗಿ ಕೂತು ಉತ್ತರ ಹೇಳೋರು ಕಮ್ಮಿ, ಗೊತ್ತಿರೋರು ಎಷ್ಟೋ ಸಲ "ಅದು ನಿಮಗೆ ಅರ್ಥ ಆಗಲ್ಲ ಬಿಡ್ರಿ" ಅನ್ನೋ ಥರ ಮಾತಾಡ್ತಾರೆ, ಅದು ನನಗೆ ಒಂಚೂರೂ ಸೇರಲ್ಲ, ಯಾಕಂದ್ರೆ ಇದು ಕೂತು ಕಲಿತ್ರೆ ಯಾರಿಗಾದ್ರೂ ಬರೋ ವಿಷಯ.

ನನ್ನ ಮಟ್ಟಿಗೆ ವ್ಯತ್ಯಾಸ ಇರೋದು ತೀರ್ಮಾನಗಳಲ್ಲಿ. ಎಲ್ಲಿ ನಿಲ್ಲಬೇಕು, ಏನನ್ನ ಹೊರಗೆ ಬಿಡಬೇಕು, ತೆಗೆದ ರಾಶಿಯಲ್ಲಿ ಯಾವುದನ್ನ ಇಟ್ಕೋಬೇಕು, ಎಷ್ಟು ದೊಡ್ಡದು ಮಾಡ್ಬೇಕು, ಯಾವುದರ ಪಕ್ಕ ಯಾವುದು ಬರಬೇಕು, ಇಷ್ಟನ್ನೂ ಒಬ್ಬ ಮನುಷ್ಯ ಯೋಚನೆ ಮಾಡಿ ಗಟ್ಟಿಯಾಗಿ ಹಿಡ್ಕೊಂಡಿರ್ತಾನೆ, ಯಾಕೆ ಅಂತ ಕೇಳಿದ್ರೆ ಪ್ರತಿಯೊಂದಕ್ಕೂ ಅವನ ಹತ್ರ ಉತ್ತರ ಇರ್ತೈತೆ. ಮೊಬೈಲಲ್ಲಿ ನಾವು ತೆಗೆಯೋ ಫೋಟೋದಲ್ಲಿ ಇವುಗಳಲ್ಲಿ ಒಂದೋ ಎರಡೋ ಮಾತ್ರ ನಮ್ಮದು, ಮಿಕ್ಕಿದ್ದೆಲ್ಲ ತಾನಾಗೇ ಆಗಿರ್ತೈತೆ. ಮೊದಲು ನೋಡೋದು ಹೆಂಗೆ ಅಂತ ಹೇಳ್ತೀನಿ, ಆಮೇಲೆ ದಾವಣಗೆರೆ, ದುರ್ಗದಲ್ಲೇ ಇದ್ದು ಇರೋ ಫೋನಲ್ಲೇ ಒಂದು ಸರಣಿ ಕಟ್ಟೋದು ಹೆಂಗೆ ಅಂತ.

ಹಂತ 1: "ಚಂದ ಐತಾ?" ಅನ್ನೋದನ್ನ ಸ್ವಲ್ಪ ಬದಿಗಿಡ್ರಿ

ಸೂರ್ಯ ಮುಳುಗೋ ಹೊತ್ತಿನ ಕುಂದವಾಡ ಕೆರೆ, ಮೋಡ ಕವಿದ ಚಿತ್ರದುರ್ಗದ ಕೋಟೆ, ಲೈಟ್ ಹಾಕಿದ ಗ್ಲಾಸ್ ಹೌಸ್, ಇವೆಲ್ಲ ಚಂದವೇ, ಆದ್ರೆ ಆ ಚಂದ ಕೆರೇದು, ಕೋಟೇದು. ಅಲ್ಲಿ ನಿಂತು ಯಾರು ಬಟನ್ ಒತ್ತಿದ್ರೂ ಅಷ್ಟು ಬಂದೇ ಬರ್ತೈತೆ. ಗ್ಯಾಲರಿಯಲ್ಲಿ ನೋಡೋದು ಅದರ ಮೇಲೆ ಫೋಟೋ ತೆಗೆದವರು ಸೇರಿಸಿದ್ದೇನು ಅಂತ.

ಇದಕ್ಕೆ ಎಲ್ಲಕ್ಕಿಂತ ಒಳ್ಳೆ ಉದಾಹರಣೆ ಅಮೆರಿಕದ ವಿಲಿಯಂ ಎಗಲ್‌ಸ್ಟನ್ ತೆಗೆದ ಒಂದು ಮೂರು ಚಕ್ರದ ಮಕ್ಕಳ ಸೈಕಲ್ಲಿನ ಫೋಟೋ, ಮೆಂಫಿಸ್ ಊರಿನ ಒಂದು ಮಾಮೂಲಿ ಬಡಾವಣೆಯಲ್ಲಿ 1970ರ ಆಸುಪಾಸು ತೆಗೆದದ್ದು. ನೆಟ್‌ನಲ್ಲಿ ಹುಡುಕಿ ಇಟ್ಕೊಂಡು ಇದನ್ನ ಓದ್ರಿ. ಸೈಕಲ್ಲು ಫುಟ್‌ಪಾತ್ ಮೇಲೆ ನಿಂತೈತೆ, ಹ್ಯಾಂಡಲ್ ತುಕ್ಕು ಹಿಡಿದೈತೆ, ಅಷ್ಟೇ ವಿಷಯ. ಆದ್ರೆ ಕ್ಯಾಮೆರಾ ಎಲ್ಲೈತೆ ನೋಡ್ರಿ, ನೆಲಕ್ಕೆ ಅಂಟ್ಕೊಂಡಂಗೆ ಐತೆ, ಅದರಿಂದ ಆ ಪುಟ್ಟ ಸೈಕಲ್ಲು ಹಿಂದಿರೋ ಮನೆಗಳಿಗಿಂತ ಎತ್ತರ ಆಗಿ ಆಕಾಶಕ್ಕೆ ಎದ್ದು ನಿಂತೈತೆ, ಅದರ ಚಕ್ರಗಳ ಸಂದಿಯಲ್ಲಿ ದೂರದಲ್ಲಿ ನಿಂತಿರೋ ಕಾರು ಆಟದ ಸಾಮಾನಿನಷ್ಟು ಚಿಕ್ಕದಾಗಿ ಕಾಣ್ತೈತೆ. ಮಗು ಇರೋ ಎತ್ತರದಿಂದ ಒಂದು ಬೀದಿ ಹೆಂಗೆ ಕಾಣಬಹುದು ಅನ್ನೋದು ಒಂದೇ ಒಂದು ತೀರ್ಮಾನದಿಂದ, ಕ್ಯಾಮೆರಾ ಕೆಳಗಿಳಿಸಿದ್ದರಿಂದ, ಬಂದುಬಿಟ್ಟೈತೆ. 1976ರಲ್ಲಿ ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್‌ನಲ್ಲಿ ಅಲ್ಲಿನ ಫೋಟೋ ವಿಭಾಗದ ಮುಖ್ಯಸ್ಥ ಜಾನ್ ಸಾರ್ಕೋವ್ಸ್ಕಿ ಅವರು ಇವರ ಕಲರ್ ಫೋಟೋಗಳ ಪ್ರದರ್ಶನ ಮಾಡಿಸಿದಾಗ ವಿಮರ್ಶಕರು ಸಿಟ್ಟಾಗಿ ಬರೆದ್ರು, ಕಲರ್ ಅಂದ್ರೆ ಜಾಹೀರಾತಿಗೆ, ಮನೆ ಆಲ್ಬಮ್‌ಗೆ ಅನ್ನೋ ಕಾಲ ಅದು, ಅದರಲ್ಲೂ ಇಷ್ಟು ಮಾಮೂಲಿ ವಸ್ತುಗಳು ಬೇರೆ. ಇವತ್ತು ಆ ಪ್ರದರ್ಶನದ ಹೆಸರು ಹೇಳದೆ ಕಲರ್ ಫೋಟೋಗ್ರಫಿಯ ಇತಿಹಾಸ ಬರೆಯೋಕಾಗಲ್ಲ.

ನಮ್ಮ ರಾಜ್ಯದಲ್ಲಿ ಇನ್ನೊಂದು ದೊಡ್ಡ ಪರಂಪರೆ ಐತೆ, ಸಲಾನ್ ಫೋಟೋಗ್ರಫಿ, ಅಂದ್ರೆ ಸ್ಪರ್ಧೆಗೆ ಕಳಿಸೋದು, ಮೆಡಲ್ ತಗೊಳ್ಳೋದು. ಸಿ. ರಾಜಗೋಪಾಲ್, ಇ. ಹನುಮಂತರಾವ್, ಟಿ.ಎನ್.ಎ. ಪೆರುಮಾಳ್ ಅಂಥವರು ಅದರಲ್ಲಿ ಜಗತ್ತೇ ತಿರುಗಿ ನೋಡೋ ಕೆಲಸ ಮಾಡ್ಯಾರೆ, ಬೆಳಕು ಅಳೆಯೋದು, ಕಾಯೋದು, ಪ್ರಿಂಟಿನ ಶಿಸ್ತು ಎಲ್ಲಾನೂ ಅಲ್ಲಿ ಕಲೀಬೇಕು. ಆದ್ರೆ ಸ್ಪರ್ಧೆಯಲ್ಲಿ ಜಡ್ಜ್ ಮುಂದೆ ಒಂದು ಫೋಟೋ ಇರೋದು ಸ್ವಲ್ಪ ಹೊತ್ತು, ಅಷ್ಟರಲ್ಲಿ ಅದು ಹೊಡೆದಂಗೆ ತಾಗಬೇಕು, ಅದಕ್ಕೇ ದನದ ಧೂಳು, ಮಂಜು, ಸುಕ್ಕುಗಟ್ಟಿದ ಅಜ್ಜನ ಮುಖ ಮತ್ತೆ ಮತ್ತೆ ಬರ್ತಾವೆ. ಗ್ಯಾಲರಿ ಫೋಟೋ ನಿಧಾನಕ್ಕೆ ಬಿಚ್ಚಿಕೊಂಡ್ರೂ ನಡೀತೈತೆ. ಎರಡನ್ನೂ ಒಂದೇ ಕಣ್ಣಲ್ಲಿ ನೋಡಿದ್ರೆ ಎರಡಕ್ಕೂ ಅನ್ಯಾಯ.

ಹಂತ 2: ಗೋಡೆ ಮುಂದೆ ನಿಂತು ನೋಡೋ ಕ್ರಮ

ಒಳಗೆ ಹೋದ ತಕ್ಷಣ ಪಕ್ಕದ ಚೀಟಿ ಓದಬೇಡಿ. ಎಲ್ಲರೂ ಮಾಡೋದು ಅದನ್ನೇ, ಚೀಟಿ ಓದಿ, ಫೋಟೋನ ಒಂದು ಸಲ ಕಣ್ಣಾಡಿಸಿ ಮುಂದಕ್ಕೆ. ಮೊದಲು ಒಂದು ರೌಂಡ್ ಸುಮ್ಮನೆ ಸುತ್ತಿ ಬರ್ರಿ, ಯಾವುದು ನಿಮ್ಮನ್ನ ಹಿಡಿದು ನಿಲ್ಲಿಸ್ತೋ ಅದರ ಹತ್ರ ವಾಪಸ್ ಹೋಗ್ರಿ, ಅಲ್ಲಿ ಎರಡು ನಿಮಿಷ ನಿಲ್ರಿ. ಎರಡು ನಿಮಿಷ ಒಂದೇ ಫೋಟೋ ನೋಡೋದು ಎಷ್ಟು ಉದ್ದ ಅಂತ ಆಗ ಗೊತ್ತಾಗ್ತೈತೆ.

ನಿಂತಾಗ ಮೊದಲು ನಾಲ್ಕು ಅಂಚುಗಳನ್ನ ನೋಡ್ರಿ. ನಡುವೆ ಇರೋದು ಎಲ್ಲರ ಕಣ್ಣಿಗೂ ಬೀಳ್ತೈತೆ, ತೆಗೆದವರ ಕೈ ಗೊತ್ತಾಗೋದು ಅಂಚಲ್ಲಿ, ಅರ್ಧ ಕತ್ತರಿಸಿದ ಕೈ ಐತಾ, ಒಂದು ಕಂಬ ಸರಿಯಾಗಿ ಅಂಚಿಗೆ ತಾಗಿ ನಿಂತೈತಾ, ಯಾರೋ ಒಬ್ಬರು ಒಳಗೆ ಬರ್ತಾ ಇದ್ದಾರಾ, ಇದು ಬೇಕಂತ ಬಿಟ್ಟಿದ್ದಾ, ಗಮನಕ್ಕೇ ಬರದೆ ಉಳಿದಿದ್ದಾ. ಆಮೇಲೆ ಕ್ಯಾಮೆರಾ ಎಲ್ಲಿತ್ತು ಅಂತ ಊಹೆ ಮಾಡ್ರಿ, ಎದೆ ಮಟ್ಟದಲ್ಲಾ, ಮಾಳಿಗೆ ಮೇಲಾ, ಎಷ್ಟು ದೂರ. ಆಮೇಲೆ ಬೆಳಕು ಯಾವ ಕಡೆಯಿಂದ, ಯಾವ ಹೊತ್ತು. ಕೊನೆಗೆ ಏನಿಲ್ಲ ಅಂತ ಕೇಳ್ಕೊಳ್ರಿ, ಇದು ನನಗೆ ಬಹಳ ಮುಖ್ಯ ಅನಿಸ್ತೈತೆ. ಮದುವೆ ಮನೆ ಫೋಟೋ ಅಂತಾರೆ ಆದ್ರೆ ಮದುಮಕ್ಕಳೇ ಇಲ್ಲ, ಬರೀ ತೊಳೆದು ಒಣಗೋಕೆ ಇಟ್ಟ ಹಂಡೆಗಳು ಅದಾವೆ ಅಂದ್ರೆ ಆ ಮನುಷ್ಯ ಏನೋ ಹೇಳ್ತಾ ಇದ್ದಾನೆ.

ಈಗ ಚೀಟಿ ಓದ್ರಿ. ಹೆಸರು, ವರ್ಷ, ಆಮೇಲೆ ಯಾವ ಥರದ ಪ್ರಿಂಟ್ ಅಂತ ಇರ್ತೈತೆ. ಸಿಲ್ವರ್ ಜೆಲಾಟಿನ್ ಪ್ರಿಂಟ್ ಅಂದ್ರೆ ಡಾರ್ಕ್ ರೂಮಿನ ಹಳೇ ಬ್ಲಾಕ್ ಅಂಡ್ ವೈಟ್ ಪ್ರಿಂಟು, ಆರ್ಕೈವಲ್ ಪಿಗ್ಮೆಂಟ್ ಪ್ರಿಂಟ್ ಅಂದ್ರೆ ಬಹಳ ವರ್ಷ ಬಣ್ಣ ಮಾಸದ ಇಂಕಲ್ಲಿ ಒಳ್ಳೆ ಕಾಗದದ ಮೇಲೆ ಮಾಡಿದ ಪ್ರಿಂಟು. 3/7 ಅಂತಿದ್ರೆ ಈ ಅಳತೆಯಲ್ಲಿ ಏಳೇ ಪ್ರತಿ, ಇದು ಮೂರನೇದು. ಎಪಿ ಅಂತಿದ್ರೆ ಕಲಾವಿದರು ತಮಗೆ ಅಂತ ಇಟ್ಕೊಂಡ ಪ್ರತಿ. ವರ್ಷ ಎರಡಿದ್ರೆ ತೆಗೆದದ್ದು ಒಂದು, ಪ್ರಿಂಟ್ ಮಾಡಿದ್ದು ಇನ್ನೊಂದು.

ಆಮೇಲೆ ಎಡಕ್ಕೂ ಬಲಕ್ಕೂ ಇರೋ ಫೋಟೋ ನೋಡ್ರಿ. ಒಂಟಿ ಫೋಟೋ ನೋಡಿ ತೀರ್ಪು ಕೊಡೋದೇ ತಪ್ಪು ದಾರಿ, ಯಾಕಂದ್ರೆ ಎಷ್ಟೋ ಕೆಲಸಗಳಲ್ಲಿ ಅದು ಒಂದು ವಾಕ್ಯದ ನಡುವಿನ ಪದ ಮಾತ್ರ ಆಗಿರ್ತೈತೆ.

ಹಂತ 3: ಯಾರಿಗೋಸ್ಕರ ತೆಗೆದದ್ದು ಅಂತ ಕೇಳ್ರಿ

ಮನೆ ಫೋಟೋ ಕೆಲಸ ಮಾಡೋದು ಪರಿಚಯದ ಮೇಲೆ. ದುಗ್ಗಮ್ಮನ ಜಾತ್ರೇಲಿ ಅಕ್ಕನ ಮಗಳು ಬೊಂಬಾಯಿ ಮಿಠಾಯಿ ಹಿಡ್ಕೊಂಡು ನಿಂತಿರೋ ಫೋಟೋ ಅಲುಗಾಡಿದ್ರೂ, ಕಪ್ಪಾಗಿದ್ರೂ ನಮಗೆ ಪ್ರಾಣ, ಯಾಕಂದ್ರೆ ಆ ಹುಡುಗಿ ಯಾರು ಅಂತ ನಮಗೆ ಗೊತ್ತು. ಅದೇ ಫೋಟೋನ ಹುಬ್ಬಳ್ಳಿಯ ಯಾರಿಗೋ ಕೊಟ್ರೆ ಒಂದು ಮಗು ಅಷ್ಟೇ. ಗೋಡೆ ಮೇಲೆ ಹೋಗೋ ಫೋಟೋ ಆ ಹುಡುಗಿನ ಗೊತ್ತಿಲ್ಲದವರ ಮುಂದೆಯೂ ನಿಲ್ಲಬೇಕು. ಹಂಗಂತ ಮನೆ ಫೋಟೋ ಕೀಳು ಅಂತ ನಾನು ಒಪ್ಪಲ್ಲ, ಅದರ ಕೆಲಸ ಬೇರೆ, ಅದು ಆ ಕೆಲಸ ಪೂರ್ತಿ ಮಾಡ್ತೈತೆ.

ಇಲ್ಲಿ ಒಂದು ಗೊಂದಲ ಬರ್ತೈತೆ, ಎಷ್ಟೋ ಕಲಾವಿದರು ಬೇಕಂತಲೇ ಮನೆ ಫೋಟೋದ ಥರಾನೇ ತೆಗೀತಾರೆ. ಸ್ಟೀಫನ್ ಶೋರ್ 1972ರಲ್ಲಿ ಅಮೆರಿಕ ಸುತ್ತುತ್ತಾ ತಿಂದ ತಟ್ಟೆ, ಮಲಗಿದ ಲಾಡ್ಜಿನ ಮಂಚ, ಟಾಯ್ಲೆಟ್ಟು, ಟಿವಿ ಎಲ್ಲಾನೂ ತೆಗೆದು, ಲ್ಯಾಬಲ್ಲಿ ಮಾಮೂಲಿ ಚಿಕ್ಕ ಸೈಜಿನ ಪ್ರಿಂಟ್ ಹಾಕಿಸಿ, ಫ್ರೇಮ್ ಇಲ್ದೆ ಸಾಲಾಗಿ ನ್ಯೂಯಾರ್ಕಿನ ಗ್ಯಾಲರಿ ಗೋಡೆಗೆ ಅಂಟಿಸಿದ್ರು. ಒಂದು ತಟ್ಟೆ ಫೋಟೋ ಏನೂ ಹೇಳಲ್ಲ, ಆದ್ರೆ ಅಷ್ಟು ಊಟ, ಅಷ್ಟು ಮಂಚ ಸಾಲಾಗಿ ನೋಡಿದಾಗ ಒಂದು ದೇಶದ ಒಂಟಿತನ ಕಾಣ್ತೈತೆ. ಮನೆ ಫೋಟೋದ ಮುಖ, ಹಿಂದೆ ಮಾತ್ರ ಗಟ್ಟಿ ತೀರ್ಮಾನ.

ನಮ್ಮ ಬೆಂಗಳೂರಿನ ಪುಷ್ಪಮಾಲಾ ಎನ್. ಅವರದು ಪೂರ್ತಿ ಬೇರೆ ದಾರಿ. ಫೋಟೋಗ್ರಾಫರ್ ಕ್ಲೇರ್ ಆರ್ನಿ ಜೊತೆ ಸೇರಿ 2000ದಿಂದ 2004ರವರೆಗೆ ಮಾಡಿದ ಸರಣಿಯಲ್ಲಿ ರವಿವರ್ಮನ ಚಿತ್ರ, ಹಳೇ ಸಿನಿಮಾ ಸ್ಟಿಲ್, ಬ್ರಿಟಿಷರ ಕಾಲದ ಜನಾಂಗ ಅಳೆಯೋ ಫೋಟೋ, ಇವನ್ನೆಲ್ಲ ತಾವೇ ವೇಷ ಹಾಕಿ, ಸೆಟ್ ಹಾಕಿ ಮತ್ತೆ ತೆಗೆಸ್ಕೊಂಡ್ರು. ದಕ್ಷಿಣದ ಹೆಣ್ಣನ್ನ ಇಷ್ಟು ವರ್ಷ ಹೆಂಗೆಲ್ಲ ನಿಲ್ಲಿಸಿ ನೋಡ್ಯಾರೆ ಅನ್ನೋದು ಮಾತಿಲ್ಲದೆ ಗೊತ್ತಾಗ್ತೈತೆ. ಇನ್ನು ಮೈಸೂರಿನ ಟಿ.ಎಸ್. ಸತ್ಯನ್ ತೆಗೆದದ್ದು ಪತ್ರಿಕೆಗಳಿಗೆ, ಕೆಲಸಕ್ಕೆ ಅಂತ, ಆದ್ರೂ ಆ ಮಕ್ಕಳು, ಆ ಬೀದಿ ಜನ ಸುದ್ದಿ ಹಳೇದಾದ ಮೇಲೂ ಉಳ್ಕೊಂಡ್ರು, ಇವತ್ತು ಮ್ಯೂಸಿಯಂ ಗೋಡೆಗೂ ಬಂದ್ರು. ಅಂದ್ರೆ ಯಾರಿಗೋಸ್ಕರ ತೆಗೆದ್ರು ಅನ್ನೋದು ನೋಡೋಕೆ ದಾರಿ ತೋರಿಸ್ತೈತೆ, ಫೋಟೋನ ಅದರೊಳಗೇ ಕಟ್ಟಿ ಹಾಕಲ್ಲ.

ಇಷ್ಟು ನೋಡೋ ವಿಷಯ. ಈಗ ಮಾಡೋದು.

ಹಂತ 4: ಹತ್ತಿರದ್ದೊಂದು ವಿಷಯ ಹಿಡೀರಿ, ಅದಕ್ಕೊಂದು ನಿಯಮ ಹಾಕ್ರಿ

ಜಾಸ್ತಿ ಜನ ಸೋಲೋದು ಇಲ್ಲೇ ಅಂತ ನನ್ನ ನಂಬಿಕೆ, ಅದಕ್ಕೇ ಇಲ್ಲಿ ಸ್ವಲ್ಪ ಉದ್ದ ಬರೀತೀನಿ. "ದಾವಣಗೆರೆಯ ಬದುಕು" ಅಂತ ವಿಷಯ ಇಟ್ಕೊಂಡ್ರೆ ಅದಕ್ಕೆ ತಲೆನೂ ಇಲ್ಲ ಬುಡಾನೂ ಇಲ್ಲ. ಚಿಕ್ಕದು ಬೇಕು, ವಾರಕ್ಕೊಂದು ಸಲ ಹೋಗಿ ಬರೋವಷ್ಟು ಹತ್ತಿರ ಇರಬೇಕು, ಮುಂದಿನ ವರ್ಷನೂ ಅಲ್ಲೇ ಇರೋ ಥರದ್ದು ಬೇಕು. ಫೋಟೋಗ್ರಾಫರ್ ಗೌರಿ ಗಿಲ್ ಅವರು ರಾಜಸ್ಥಾನದ ಹಳ್ಳಿಗಳಿಗೆ 1999ರಲ್ಲಿ ಹೋಗೋಕೆ ಶುರು ಮಾಡಿ ಅದೇ ಜನರ ಹತ್ರ ವರ್ಷಗಟ್ಟಲೆ ಮತ್ತೆ ಮತ್ತೆ ಹೋದ್ರು, ಆ ಕೆಲಸಕ್ಕೆ 2023ರಲ್ಲಿ ಪ್ರೀ ಪಿಕ್ಟೆ ಅನ್ನೋ ಅಂತರರಾಷ್ಟ್ರೀಯ ಫೋಟೋಗ್ರಫಿ ಪ್ರಶಸ್ತಿ ಬಂತು. ಬೇರೆಯವರು ಒಂದು ದಿನಕ್ಕೆ ಬಂದು ಒಂಟೆ, ಪೇಟ ತೆಗೆದು ಹೋಗೋ ಜಾಗ ಅದು.

ನಿಯಮ ಅಂದ್ರೆ ಏನು ಅನ್ನೋದಕ್ಕೆ ಜರ್ಮನಿಯ ಬೆಕರ್ ದಂಪತಿನ ನೋಡ್ರಿ, ಬೆರ್ನ್ಟ್ ಮತ್ತು ಹಿಲ್ಲಾ. 1959ರಿಂದ ಇಬ್ಬರೂ ಸೇರಿ ನೀರಿನ ಟ್ಯಾಂಕು, ಗ್ಯಾಸ್ ಟ್ಯಾಂಕು, ಗಣಿಯ ಗೋಪುರ, ಕುಲುಮೆ ಇಂಥವನ್ನೇ ದಶಕಗಟ್ಟಲೆ ತೆಗೆದ್ರು. ನಿಯಮ ಬಹಳ ಕಟ್ಟುನಿಟ್ಟು: ಮೋಡದ ದಿನ, ನೆರಳು ಬೀಳಬಾರದು, ಜನ ಇರಬಾರದು, ಎದುರಿಗೆ ನೇರ, ಚೌಕಟ್ಟಿನ ನಡುವೆ, ಬ್ಲಾಕ್ ಅಂಡ್ ವೈಟ್. ಆಮೇಲೆ ಅವನ್ನ ಒಂದೇ ಅಳತೆಯಲ್ಲಿ ಸಾಲಾಗಿ ಜೋಡಿಸಿ ತೂಗುಹಾಕ್ತಿದ್ರು. ಎಲ್ಲಾ ಒಂದೇ ಥರ ಇಟ್ಟಿದ್ದಕ್ಕೇ ಒಂದೊಂದು ಟ್ಯಾಂಕಿನ ಮುಖನೂ ಬೇರೆ ಅಂತ ಕಣ್ಣಿಗೆ ಬೀಳ್ತೈತೆ.

ಈಗ ನಮ್ಮ ಕಡೆ ಬರ್ರಿ. ಹರಿಹರ, ಹೊನ್ನಾಳಿ, ಚನ್ನಗಿರಿ, ಜಗಳೂರು ಕಡೆ ಹಳ್ಳಿ ಹಳ್ಳಿಗೂ ಒಂದು ಓವರ್‌ಹೆಡ್ ಟ್ಯಾಂಕ್ ಐತೆ, ಕೆಲವದರ ಮೇಲೆ ಯೋಜನೆ ಹೆಸರು, ಕೆಲವದರ ಮೇಲೆ ಟ್ಯೂಷನ್ ಜಾಹೀರಾತು, ಕೆಲವು ಬಿರುಕು ಬಿಟ್ಟು ಬಿಟ್ಟಿದ್ದು, ಪಕ್ಕದಲ್ಲೇ ಹೊಸದು ಕಟ್ಟಿದ್ದು. ನಮ್ಮ ಬಯಲುಸೀಮೆಯಲ್ಲಿ ನೀರಿನ ಕಥೆ ಗೊತ್ತಾಗಬೇಕಂದ್ರೆ ಇದಕ್ಕಿಂತ ಒಳ್ಳೆ ವಿಷಯ ನನಗೆ ಹೊಳೆಯಲ್ಲ. ದಾವಣಗೆರೆ ಹತ್ತಿ ಮಿಲ್ಲುಗಳ ಊರಾಗಿತ್ತು, ಮಿಲ್ಲು ನಿಂತ ಮೇಲೆ ಆ ಜಾಗ ಏನಾಗೈತೆ ಅನ್ನೋದು ಇನ್ನೊಂದು ಸರಣಿ. ದುರ್ಗದವರಿಗೆ ಕೋಟೆ ಕಷ್ಟದ ವಿಷಯ, ಅದನ್ನ ಎಲ್ಲರೂ ಅದೇ ನಾಲ್ಕು ಜಾಗದಿಂದ ತೆಗೆದು ತೆಗೆದು ಸವೆಸಿಬಿಟ್ಟಾರೆ. ಆದ್ರೆ ಒನಕೆ ಓಬವ್ವನ ಕಿಂಡಿ ಮುಂದೆ ಬಂದು ಬಗ್ಗಿ, ಒಳಗೆ ಇಣುಕಿ, ಸೆಲ್ಫಿ ತಗೊಂಡು ಹೋಗೋ ಜನರನ್ನ ಒಂದೇ ಜಾಗದಿಂದ, ಒಂದೇ ದೂರದಿಂದ ತೆಗೆದ್ರೆ? ಪ್ರತಿಯೊಬ್ಬರೂ ಆ ಕಿಂಡಿ ಮುಂದೆ ಒಂದು ಗಳಿಗೆ ಏನೋ ಆಗ್ತಾರೆ, ಹೆಣ್ಮಕ್ಕಳಂತೂ ನಿಲ್ಲೋ ರೀತಿನೇ ಬದಲಾಗ್ತೈತೆ. ಅದು ನೀವು ಸೇರಿಸಿದ್ದು.

ಮಂಡಕ್ಕಿ ಭಟ್ಟಿನ ತಗೊಂಡು ಇನ್ನೂ ಹತ್ತಿರದಿಂದ ತೋರಿಸ್ತೀನಿ. ದಾವಣಗೆರೆ ಭಟ್ಟಿ ಏರಿಯಾಕ್ಕೆ ಕ್ಯಾಮೆರಾ ಹಿಡ್ಕೊಂಡು ಹೋದವರೆಲ್ಲ ತರೋ ಫೋಟೋ ಒಂದೇ: ತಗಡಿನ ತೂತಿಂದ ಇಳಿಯೋ ಬಿಸಿಲ ಕೋಲು, ಹೊಗೆ, ಅದರ ಮುಂದೆ ಕಪ್ಪಗೆ ಕಾಣೋ ಮನುಷ್ಯ. ಮೊದಲ ದಿನ ಅದನ್ನ ತೆಗೀರಿ, ತೆಗೆಯದೆ ಇರೋಕಾಗಲ್ಲ. ಎರಡನೇ ಸಲ ಹೋದಾಗ ಅದನ್ನ ಬಿಟ್ಟು ಬೇರೆ ನೋಡ್ರಿ. ಕಾದ ಮರಳಿಗೆ ಅಕ್ಕಿ ಬಿದ್ದ ತಕ್ಷಣ ಅರಳ್ತೈತಲ್ಲ, ಆಗ ಅದನ್ನ ಕೆದಕೋ ಕೈಯ ಮಣಿಕಟ್ಟು ನೋಡ್ರಿ, ಬಟ್ಟೆ ಸುತ್ತಿಕೊಂಡಿರೋ ರೀತಿ ನೋಡ್ರಿ. ಗೋಡೆ ಮೇಲಿನ ಕ್ಯಾಲೆಂಡರಲ್ಲಿ ದೇವರ ಮುಖ ಮಸಿ ಹಿಡಿದು ಬರೀ ಕಣ್ಣು ಉಳಿದಿರ್ತಾವೆ. ಚೀಲ ತುಂಬಿ ನಿಲ್ಲಿಸಿರ್ತಾರೆ, ಆಳೆತ್ತರ, ಪಕ್ಕದಲ್ಲಿ ನಿಂತವರಿಗಿಂತ ದಪ್ಪ, ಎತ್ತಿದ್ರೆ ಹಗುರ. ಆ ಬಿಳಿ ಮಂಡಕ್ಕಿಗೂ ಆ ಕಪ್ಪು ಗೋಡೆಗೂ ನಡುವೆ ಕೆಲಸ ಮಾಡೋ ಜನರ ಉಸಿರಾಟ ಐತೆ, ಅದು ವಿಷಯ. ಬಿಸಿಲ ಕೋಲು ಆ ವಿಷಯನ ಮುಚ್ಚಿಬಿಡ್ತೈತೆ, ಅಷ್ಟು ಚಂದ ಅದು.

ಹಂತ 5: ಫೋನ್ ಸೆಟಿಂಗ್

ಇದು ಚಿಕ್ಕದು. ಬ್ಯೂಟಿ ಮೋಡ್ ಆಫ್, ಪೋರ್ಟ್ರೇಟ್ ಮೋಡ್ ಬೇಡ, ಫಿಲ್ಟರ್ ಬೇಡ. 1 ಎಕ್ಸ್ ಲೆನ್ಸಲ್ಲೇ ಇಡೀ ಸರಣಿ ತೆಗೀರಿ, ಹತ್ರ ಬೇಕಂದ್ರೆ ನಡ್ಕೊಂಡು ಹೋಗ್ರಿ, ಬೆರಳಲ್ಲಿ ಜೂಮ್ ಮಾಡಿದ್ರೆ ಪ್ರಿಂಟಲ್ಲಿ ಅರಿಶಿಣ ಚೆಲ್ಲಿದಂಗೆ ಒಡೀತೈತೆ. ಸ್ಕ್ರೀನ್ ಮೇಲೆ ಒತ್ತಿ ಹಿಡಿದ್ರೆ ಫೋಕಸ್ಸೂ ಬೆಳಕೂ ಲಾಕ್ ಆಗ್ತೈತೆ, ಆಮೇಲೆ ಸ್ವಲ್ಪ ಕೆಳಗೆ ಎಳೆದು ಕಪ್ಪು ಮಾಡ್ಕೊಳ್ರಿ, ಬಿಳಿ ಉರಿದು ಹೋದ್ರೆ ವಾಪಸ್ ಬರಲ್ಲ. ವಾಟ್ಸಾಪಲ್ಲಿ ಲ್ಯಾಬಿಗೆ ಕಳಿಸೋದಾದ್ರೆ ಫೋಟೋ ಅಂತ ಕಳಿಸ್ಬೇಡಿ, ಡಾಕ್ಯುಮೆಂಟ್ ಅಂತ ಕಳಿಸ್ರಿ, ಇಲ್ಲಾಂದ್ರೆ ಅದು ಕುಗ್ಗಿಸಿ ಕೊಡ್ತೈತೆ.

ಹಂತ 6: ಕೇಳಿ ತೆಗೀರಿ

ಜನ ಇದ್ರೆ ಕೇಳ್ರಿ. "ಅಣ್ಣಾ, ಒಂದು ಫೋಟೋ ತೆಗೀಲಾ? ಹೆಂಗಿದ್ದೀರೋ ಹಂಗೇ ಇರ್ರಿ, ಕೆಲಸ ನಿಲ್ಲಿಸಬೇಡ್ರಿ" ಅಂದ್ರೆ ಬಹಳ ಜನ ಬೇಡ ಅನ್ನಲ್ಲ. ಮೊದಲು ಎಲ್ಲರೂ ನೆಟ್ಟಗೆ ನಿಂತು ಪೋಸ್ ಕೊಡ್ತಾರೆ, ಆ ಫೋಟೋನೂ ತೆಗೀರಿ, ಅದು ಅವರಿಗೆ ಬೇಕಾದ ಫೋಟೋ, ಪ್ರಿಂಟ್ ಹಾಕಿಸಿ ಮುಂದಿನ ಸಲ ಕೈಗೆ ಕೊಡ್ರಿ. ಅಲ್ಲಿಂದ ಸಂಬಂಧ ಶುರು ಆಗ್ತೈತೆ. ಬೇಡ ಅಂದ್ರೆ ಬೇಡ, ಕದ್ದು ತೆಗೆಯೋದರಲ್ಲಿ ಯಾವ ಕಲೆನೂ ಇಲ್ಲ. ಮಕ್ಕಳಾದ್ರೆ ಅಪ್ಪ ಅಮ್ಮನ್ನ ಕೇಳ್ರಿ, ಎಲ್ಲಿ ಹಾಕ್ತೀವಿ ಅನ್ನೋದನ್ನೂ ಹೇಳ್ರಿ.

ಹಂತ 7: ಆರಿಸೋದು, ಇದೇ ನಿಜವಾದ ಕೆಲಸ

ಫೋಟೋ ತೆಗೆಯೋದು ಅರ್ಧ ಕೂಡ ಅಲ್ಲ. ಫೋಟೋಗ್ರಾಫರ್ ರಾಬರ್ಟ್ ಫ್ರಾಂಕ್ 1955ರಿಂದ 1957ರವರೆಗೆ ಅಮೆರಿಕದ ತುಂಬ ಕಾರಲ್ಲಿ ಸುತ್ತಿ 767 ರೋಲ್ ಫಿಲ್ಮ್ ಮುಗಿಸಿದ್ರು, 27,000ಕ್ಕೂ ಜಾಸ್ತಿ ಫೋಟೋ. ಅದರಲ್ಲಿ ಸುಮಾರು ಸಾವಿರ ಪ್ರಿಂಟ್ ಮಾಡಿ ಗೋಡೆಗೆ, ನೆಲಕ್ಕೆ ಹರಡಿಕೊಂಡು ಕೂತ್ರು. ಕೊನೆಗೆ "ದಿ ಅಮೆರಿಕನ್ಸ್" ಅನ್ನೋ ಪುಸ್ತಕದಲ್ಲಿ ಬಂದದ್ದು 83. ಬಿಟ್ಟ ಫೋಟೋಗಳಲ್ಲೂ ಚಂದದವು ಬೇಕಾದಷ್ಟು ಇದ್ವು, ಆದ್ರೆ ಅವು ಆ ಪುಸ್ತಕದ ಮಾತಿಗೆ ಸೇರ್ತಿರಲಿಲ್ಲ.

ನೀವು ಮಾಡೋದು ಹಿಂಗೆ. ತೆಗೆದ ದಿನ ಏನೂ ಡಿಲೀಟ್ ಮಾಡಬೇಡಿ, ಏನೂ ಸ್ಟೇಟಸ್‌ಗೆ ಹಾಕಬೇಡಿ, ಎರಡೂ ಬೇಡ, ಯಾಕಂದ್ರೆ ಲೈಕ್ ಬಂದ ಫೋಟೋನೇ ಒಳ್ಳೇದು ಅಂತ ಮನಸ್ಸು ಹಟ ಹಿಡೀತೈತೆ. ಒಂದು ತಿಂಗಳು ಬಿಡ್ರಿ. ಆಮೇಲೆ ಒಂದು ಐವತ್ತು ಅರವತ್ತು ಆರಿಸಿ ಲ್ಯಾಬಲ್ಲಿ 4×6 ಮ್ಯಾಕ್ಸಿ ಪ್ರಿಂಟ್ ಹಾಕಿಸ್ರಿ, ಅದಕ್ಕೆ ದೊಡ್ಡ ಖರ್ಚಿಲ್ಲ. ಮನೇಲಿ ನಡುಮನೆ ಗುಡಿಸಿ ನೆಲದ ಮೇಲೆ ಹರಡ್ರಿ. ಸ್ಕ್ರೀನಲ್ಲಿ ಒಂದೊಂದೇ ನೋಡಿದಾಗ ಗೊತ್ತಾಗದ್ದು ನಿಂತು ಮೇಲಿಂದ ನೋಡಿದಾಗ ಥಟ್ಟನೆ ಗೊತ್ತಾಗ್ತೈತೆ: ಹತ್ತು ಫೋಟೋ ಒಂದೇ ಮಾತು ಹೇಳ್ತಾವೆ, ಅದರಲ್ಲಿ ಒಂಬತ್ತು ಎತ್ತಿಡ್ರಿ.

ಎತ್ತಿಡುವಾಗ ಪ್ರತಿ ಫೋಟೋಗೂ ನಾನು ಕೇಳೋದು, ಇದು ಇಲ್ಲದಿದ್ರೆ ಸರಣಿಗೆ ಏನು ಕಮ್ಮಿ ಆಗ್ತೈತೆ? ಏನೂ ಇಲ್ಲ ಅಂದ್ರೆ ಹೊರಗೆ. ಎಲ್ಲಕ್ಕಿಂತ ಕಷ್ಟ ಆಗೋದು ಕಷ್ಟಪಟ್ಟು ತೆಗೆದ ಫೋಟೋಗಳು, ಬೆಟ್ಟ ಹತ್ತಿ, ಮಳೇಲಿ ನೆನೆದು, ಗಂಟೆಗಟ್ಟಲೆ ಕಾದು ತೆಗೆದದ್ದು. ನೋಡೋರಿಗೆ ಆ ಕಷ್ಟ ಕಾಣಲ್ಲ, ಕಾಗದದ ಮೇಲೆ ಇರೋದಷ್ಟೇ ಕಾಣ್ತೈತೆ. ಈ ಹಂತದಲ್ಲಿ ನಿಮ್ಮನ್ನ ಪ್ರೀತಿ ಮಾಡೋರನ್ನ ಬಿಟ್ಟು ಬೇರೆ ಇಬ್ಬರನ್ನ ಕರೀರಿ, ಒಬ್ಬರು ಫೋಟೋ ಗೊತ್ತಿರೋರು, ಇನ್ನೊಬ್ಬರು ಏನೂ ಗೊತ್ತಿಲ್ಲದೋರು. ನೀವು ಬಾಯಿ ಬಿಡಬೇಡಿ. ಅವರು ಯಾವುದನ್ನ ಎತ್ತಿಕೊಂಡು ಹತ್ರ ಹಿಡಿದು ನೋಡ್ತಾರೆ ಅನ್ನೋದನ್ನ ಗಮನಿಸ್ರಿ, ಬಾಯಲ್ಲಿ ಹೇಳೋ "ಚೆನ್ನಾಗೈತೆ"ಗಿಂತ ಅದು ನಂಬಬಹುದಾದ ಮಾತು. ಕೊನೆಗೆ ಹದಿನೈದು ಉಳಿದ್ರೆ ಬಹಳ ಆಯ್ತು.

ಹಂತ 8: ಪಕ್ಕ ಪಕ್ಕ ಇಡೋದು

ಮಸಿ ಹಿಡಿದ ಕ್ಯಾಲೆಂಡರ್ ಫೋಟೋ ಪಕ್ಕ ಆ ಬಟ್ಟೆ ಸುತ್ತಿದ ಕೈ ಇಟ್ಟು ನೋಡ್ರಿ. ಎರಡೂ ಒಂದೇ ಹೊಗೆ ತಿಂದಿವೆ ಅನ್ನೋದು ಯಾರೂ ಹೇಳದೆ ಬರ್ತೈತೆ. ಅದೇ ಕೈ ಪಕ್ಕ ಅಶೋಕ ರಸ್ತೆಯ ಅಂಗಡೀಲಿ ಖಾರ ಮಂಡಕ್ಕಿ ಕಲಸೋ ಇನ್ನೊಂದು ಕೈ ಇಟ್ರೆ ಕಥೆ ಬೇರೆ ಕಡೆ ಹೋಗ್ತೈತೆ, ಮಾಡೋರು ಮತ್ತು ತಿನ್ನೋರ ನಡುವಿನ ದಾರಿ ಆಗ್ತೈತೆ. ಯಾವುದು ಬೇಕು ಅನ್ನೋದು ನಿಮ್ಮ ತೀರ್ಮಾನ. ಫೋಟೋಗ್ರಾಫರ್ ದಯಾನಿತಾ ಸಿಂಗ್ ಅವರು ಇದನ್ನೇ ಇಡೀ ಕಲೆ ಮಾಡ್ಕೊಂಡಾರೆ, ಮರದ ದೊಡ್ಡ ಚೌಕಟ್ಟುಗಳಲ್ಲಿ ಫೋಟೋಗಳನ್ನ ಜೋಡಿಸಿ ಅದಕ್ಕೆ ಮ್ಯೂಸಿಯಂ ಅಂತ ಕರೆದು, ಬೇಕಾದಾಗ ಕ್ರಮ ಬದಲಿಸ್ತಾ ಇರ್ತಾರೆ, ಕ್ರಮ ಬದಲಾದ್ರೆ ಅರ್ಥನೂ ಬದಲು. 2022ರಲ್ಲಿ ಅವರಿಗೆ ಫೋಟೋಗ್ರಫಿಯ ದೊಡ್ಡ ಅಂತರರಾಷ್ಟ್ರೀಯ ಗೌರವವಾದ ಹ್ಯಾಸೆಲ್‌ಬ್ಲಾಡ್ ಪ್ರಶಸ್ತಿ ಬಂತು. ಒಂದು ಸೂಚನೆ: ಎಲ್ಲಕ್ಕಿಂತ ಜೋರಾದ ಫೋಟೋನ ಮೊದಲಿಗೇ ಇಟ್ರೆ ಮಿಕ್ಕಿದ್ದೆಲ್ಲ ಸಪ್ಪೆ ಆಗ್ತಾವೆ.

ಹಂತ 9: ಎಡಿಟಿಂಗ್ ಮೋಸಾನಾ?

ಕೇಳೋದು ಸಹಜ. ಬೆಕರ್ ಅವರ ಶಿಷ್ಯ ಆಂಡ್ರಿಯಾಸ್ ಗುರ್ಸ್ಕಿ 1999ರಲ್ಲಿ ಮಾಡಿದ ರೈನ್ ನದಿಯ ಒಂದು ಫೋಟೋ ಐತೆ, ಹಸಿರು ಪಟ್ಟಿ, ನೀರಿನ ಪಟ್ಟಿ, ಹಸಿರು ಪಟ್ಟಿ, ಮೇಲೆ ಬೂದು ಆಕಾಶ. ನದಿ ಆಚೆ ಇದ್ದ ಕಟ್ಟಡಗಳನ್ನ ಅವರು ಕಂಪ್ಯೂಟರಲ್ಲಿ ಅಳಿಸಿದ್ರು. 2011ರಲ್ಲಿ ಅದು 43 ಲಕ್ಷ ಡಾಲರ್‌ಗೆ ಹರಾಜಾಯ್ತು. ಕೆನಡಾದ ಜೆಫ್ ವಾಲ್ ಬೀದೀಲಿ ಕಂಡ ಘಟನೆನ ಆಮೇಲೆ ನಟರನ್ನ ನಿಲ್ಲಿಸಿ ಮತ್ತೆ ಕಟ್ಟಿ ತೆಗೀತಾರೆ. ಇವರು ಯಾರೂ "ಇದು ಹಿಂಗೇ ಇತ್ತು" ಅಂತ ಮಾತು ಕೊಟ್ಟಿಲ್ಲ. ಪತ್ರಿಕೆ ಫೋಟೋದವರು ಮಾತು ಕೊಟ್ಟಿರ್ತಾರೆ, ಅವರು ಒಂದು ವೈರ್ ಅಳಿಸಿದ್ರೂ ತಪ್ಪು. ನಿಮ್ಮ ಭಟ್ಟಿ ಸರಣಿ ಇರೋ ಜನರ ಇರೋ ಬದುಕು ಅಂತ ಹೇಳೋದಾದ್ರೆ ಬೆಳಕು, ಬಣ್ಣ ಸರಿ ಮಾಡ್ರಿ, ಏನನ್ನೂ ಸೇರಿಸಬೇಡಿ, ಏನನ್ನೂ ಅಳಿಸಬೇಡಿ. ಹದಿನೈದಕ್ಕೂ ಒಂದೇ ಥರದ ಬಣ್ಣ ಇರಲಿ, ಒಂದು ಹಳದಿ ಒಂದು ನೀಲಿ ಆದ್ರೆ ಗೋಡೆ ಮೇಲೆ ಎದ್ದು ಕಾಣ್ತೈತೆ.

ಹಂತ 10: ಪ್ರಿಂಟು, ಅಳತೆ, ಫ್ರೇಮು

ದೊಡ್ಡದು ಮಾಡಿದ್ರೆ ಕಲೆ ಆಗ್ತೈತೆ ಅನ್ನೋದು ತಪ್ಪು ತಿಳುವಳಿಕೆ. ಗುರ್ಸ್ಕಿ ಫೋಟೋ ಮೂರೂವರೆ ಮೀಟರ್ ಅಗಲ, ಅದರ ಮುಂದೆ ನಾವು ಚಿಕ್ಕವರಾಗ್ತೀವಿ, ಅದಕ್ಕೆ ಅಷ್ಟು ದೊಡ್ಡದು. ಶೋರ್ ಅವರದು ಅಂಗೈ ಅಗಲ, ಹತ್ರ ಬಗ್ಗಿ ನೋಡಲಿ ಅಂತ. ಕ್ಯಾಲೆಂಡರ್ ಫೋಟೋ ಚಿಕ್ಕದಿದ್ರೆ ಜನ ಹತ್ರ ಬರ್ತಾರೆ, ಚೀಲಗಳದ್ದು ದೊಡ್ಡದಿದ್ರೆ ಆಳೆತ್ತರ ಅನ್ನೋದು ಮೈಗೆ ಗೊತ್ತಾಗ್ತೈತೆ.

ಲೆಕ್ಕ ಸುಲಭ. 12 ಮೆಗಾಪಿಕ್ಸೆಲ್ ಅಂದ್ರೆ ಸುಮಾರು 4000×3000 ಚುಕ್ಕಿ, ಇಂಚಿಗೆ 300ರಂತೆ 13×10 ಇಂಚು ಚೊಕ್ಕವಾಗಿ ಬರ್ತೈತೆ. ಲ್ಯಾಬಿನ 12×18 ಸೈಜಿಗೂ ಹೋಗಬಹುದು, ಎರಡಡಿ ದೂರದಿಂದ ನೋಡೋಕೆ ಏನೂ ತೊಂದರೆ ಇಲ್ಲ. ಮ್ಯಾಟ್ ಕಾಗದ ಕೇಳ್ರಿ, ಗ್ಲಾಸಿ ಮೇಲೆ ಟ್ಯೂಬ್‌ಲೈಟ್ ಹೊಳೆದು ಫೋಟೋ ಬದಲು ನಮ್ಮ ಮುಖ ಕಾಣ್ತೈತೆ. ಮದುವೆ ಆಲ್ಬಮ್ ಥರ ಲ್ಯಾಮಿನೇಷನ್ ಬೇಡ, ಫ್ಲೆಕ್ಸ್ ಅಂತೂ ಬೇಡವೇ ಬೇಡ. ದೇವರ ಫೋಟೋ ಕಟ್ಟೋ ಫ್ರೇಮ್ ಅಂಗಡಿಯವರೇ ಸಾಕು, ಆದ್ರೆ ಚಿನ್ನದ ಬಣ್ಣದ ಕೆತ್ತನೆ ಪಟ್ಟಿ ಬಿಟ್ಟು ಸಣ್ಣ ಕಪ್ಪು ಅಥವಾ ಮರದ ಪಟ್ಟಿ ಕೇಳ್ರಿ, ಸುತ್ತ ಎರಡಿಂಚು ಬಿಳಿ ಮೌಂಟ್ ಬೋರ್ಡ್, ಅಂದ್ರೆ ಫೋಟೋ ಮತ್ತು ಫ್ರೇಮ್ ನಡುವೆ ಬರೋ ದಪ್ಪ ಕಾಗದ, ಬಿಡಿಸ್ರಿ. ತೂಗುಹಾಕುವಾಗ ಫೋಟೋದ ನಡುಭಾಗ ನೆಲದಿಂದ 57ರಿಂದ 60 ಇಂಚಿಗೆ ಬರಬೇಕು, ನಮ್ಮ ಮನೆಗಳಲ್ಲಿ ಬಾಗಿಲ ಮೇಲೆ ಹಾಕ್ತೀವಲ್ಲ, ಅಷ್ಟೆತ್ತರ ಹಾಕಿದ್ರೆ ಯಾರೂ ನೋಡಲ್ಲ.

ಹಂತ 11: ನಾಲ್ಕು ಸಾಲು ಬರೀರಿ

ಗೋಡೆ ಶುರುವಿಗೆ ಒಂದು ಚಿಕ್ಕ ಬರಹ ಬೇಕು. "ಬದುಕಿನ ಬವಣೆಯ ಭಾವಚಿತ್ರಗಳು" ಥರದ್ದು ಬರೆಯಬೇಡಿ, ಅದು ಯಾವ ಫೋಟೋಗೆ ಬೇಕಾದ್ರೂ ಅಂಟ್ತೈತೆ. ಎಲ್ಲಿ, ಯಾವಾಗ, ಯಾರ ಜೊತೆ, ಯಾವ ನಿಯಮದಲ್ಲಿ ತೆಗೆದ್ರಿ, ಏನು ಗೊತ್ತಾಗಬೇಕು ಅಂತ ಹೊರಟ್ರಿ, ಇಷ್ಟು ಬರೆದ್ರೆ ಸಾಕು. ಫೋಟೋಗಳಿಗೆ ಕವಿತೆ ಥರ ಹೆಸರಿಡೋದಕ್ಕಿಂತ ಜಾಗ, ವರ್ಷ ಬರೆದ್ರೆ ನೋಡೋರಿಗೆ ಗೌರವ ಕೊಟ್ಟಂಗೆ.

ಹಂತ 12: ತೋರಿಸೋದು, ಎಡಿಷನ್ನು

ಮೊದಲ ಪ್ರದರ್ಶನ ತೆಗೆದ ಜಾಗದಲ್ಲೇ ಮಾಡ್ರಿ ಅನ್ನೋದು ನನ್ನ ಬಲವಾದ ಅಭಿಪ್ರಾಯ. ಭಟ್ಟಿ ಹತ್ರ ಒಂದು ಹಗ್ಗ ಕಟ್ಟಿ, ಕ್ಲಿಪ್ ಹಾಕಿ ತೂಗುಹಾಕ್ರಿ, ಅಲ್ಲಿ ಕೆಲಸ ಮಾಡೋರು "ಇದು ಹಿಂಗಿಲ್ಲ" ಅಂದ್ರೆ ಕೇಳಿಸ್ಕೊಳ್ರಿ, ಯಾರಾದ್ರೂ ತಮ್ಮ ಫೋಟೋ ತೆಗೀರಿ ಅಂದ್ರೆ ತೆಗೀರಿ. ಆಮೇಲೆ ದಾವಣಗೆರೆ ದೃಶ್ಯಕಲಾ ಮಹಾವಿದ್ಯಾಲಯದ ಮೇಷ್ಟ್ರುಗಳ ಹತ್ರ, ವಿದ್ಯಾರ್ಥಿಗಳ ಹತ್ರ ತಗೊಂಡು ಹೋಗ್ರಿ, ಪೇಂಟಿಂಗ್ ಮಾಡೋರು ಫೋಟೋಗ್ರಾಫರ್‌ಗಳು ನೋಡದೆ ಬಿಡೋ ಜಾಗಗಳನ್ನ ನೋಡ್ತಾರೆ.

ಯಾರಾದ್ರೂ ಕೊಂಡ್ಕೊಳ್ತೀನಿ ಅಂದ್ರೆ ಎಷ್ಟು ಪ್ರತಿ ಮಾಡ್ತೀರಿ, ಯಾವ ಅಳತೆಯಲ್ಲಿ ಅನ್ನೋದನ್ನ ಮೊದಲೇ ನಿಶ್ಚಯ ಮಾಡಿ ಬರೆದಿಡ್ರಿ, ಇದಕ್ಕೇ ಎಡಿಷನ್ ಅನ್ನೋದು. ಎಗಲ್‌ಸ್ಟನ್ ಅವರ ಹಳೇ ಫೋಟೋಗಳನ್ನ 2012ರಲ್ಲಿ ದೊಡ್ಡ ಅಳತೆಯಲ್ಲಿ, ಹೊಸ ಪ್ರಿಂಟ್ ವಿಧಾನದಲ್ಲಿ ಮಾಡಿ ಹರಾಜಿಗಿಟ್ರು, ಆ ಸೈಕಲ್ ಒಂದೇ 5,78,500 ಡಾಲರ್‌ಗೆ ಹೋಯ್ತು. ಮೊದಲೇ ಚಿಕ್ಕ ಅಳತೆಯ ಎಡಿಷನ್ ಕೊಂಡಿದ್ದ ಸಂಗ್ರಾಹಕರೊಬ್ಬರು ನನ್ನ ಪ್ರತಿಯ ಬೆಲೆ ಇಳೀತು ಅಂತ ಕೋರ್ಟಿಗೆ ಹೋದ್ರು, 2013ರಲ್ಲಿ ಕೇಸ್ ವಜಾ ಆಯ್ತು, ಹೊಸ ಅಳತೆ ಹೊಸ ವಿಧಾನ ಅಂದ್ರೆ ಬೇರೆ ಎಡಿಷನ್ ಅಂತ. ನಮ್ಮ ಮಟ್ಟಕ್ಕೆ ಕೋರ್ಟು ಬರಲ್ಲ, ಆದ್ರೆ ಕೊಟ್ಟ ಮಾತು ಬರ್ತೈತೆ. ಹತ್ತೇ ಪ್ರತಿ ಅಂದ್ರೆ ಹತ್ತೇ. ಪ್ರಿಂಟಿನ ಹಿಂದೆ ಮೆತ್ತನೆ ಪೆನ್ಸಿಲ್ಲಲ್ಲಿ ಅಂಚಿನ ಹತ್ರ ನಿಮ್ಮ ಹೆಸರು, ಜಾಗ, ತೆಗೆದ ವರ್ಷ, ಪ್ರಿಂಟ್ ಮಾಡಿದ ವರ್ಷ, ಪ್ರತಿ ಸಂಖ್ಯೆ ಬರೀರಿ. ಬಾಲ್ ಪೆನ್ನು ಬೇಡ, ಒತ್ತಿದ ಗೆರೆ ಮುಂದಕ್ಕೆ ಎದ್ದು ಕಾಣ್ತೈತೆ. ಫೋಟೋದಲ್ಲಿ ಇರೋರಿಗೆ ಕೊಡೋ ಪ್ರಿಂಟನ್ನ ಈ ಲೆಕ್ಕದಲ್ಲಿ ಸೇರಿಸಬೇಡಿ, ಅದು ಬೇರೆ, ಅದಕ್ಕೆ ದುಡ್ಡೂ ತಗೋಬೇಡಿ.